ಅಪ್ಪ ಪಾಟಿ ಹಿಡಿದ ವರ್ಷಗಳು

ಚಿತ್ತಾಪುರದ ನಮ್ಮ ಮನೆಗೆ ಬರುವವರು ಮೊದಲು ಕಟ್ಟೆಗೆ ಬರುತ್ತಿದ್ದರು, ಆಮೇಲೆ ಬೇಕಾದರೆ ಒಳಗೆ. ಶಹಾಬಾದಿ ಕಲ್ಲು ಹಾಸಿದ ಉದ್ದನೆಯ ಕಟ್ಟೆ. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಕಾಲಿಡುವ ಹಾಗಿರಲಿಲ್ಲ, ಬೆಳಿಗ್ಗೆ ಮಾತ್ರ ಆಗಷ್ಟೇ ನೀರು ಚಿಮುಕಿಸಿದಂತೆ ತಂಪಾಗಿರುತ್ತಿತ್ತು. ಕಟ್ಟೆ ದಾಟಿದರೆ ಪಡಸಾಲೆ, ಅದರ ಎಡಕ್ಕೆ ದೇವರ ಕೋಣೆ, ಹಿಂದೆ ಹೊಗೆ ಹಿಡಿದ ಅಡಿಗೆಮನೆ, ಅದರಾಚೆ ಎಮ್ಮೆ ಕಟ್ಟುವ ಹಿತ್ತಲು. ಅಪ್ಪ ತಹಸೀಲ ಕಚೇರಿಯಲ್ಲಿ ಕಾರಕೂನನಾಗಿದ್ದ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬಿಸಿ ರೊಟ್ಟಿಗೆ ಶೇಂಗಾದ ಹಿಂಡಿ ಹಚ್ಚಿಕೊಂಡು ತಿಂದು, ಹಣೆಯ ವಿಭೂತಿ ಇನ್ನೂ ಒಣಗುವ ಮೊದಲೇ ಕಟ್ಟೆಗೆ ಬರುತ್ತಿದ್ದ. ಅಷ್ಟರಲ್ಲಿ ಅಲ್ಲಿ ನಾಲ್ಕಾರು ಮಂದಿ ಕಾದಿರುತ್ತಿದ್ದರು. ದಂಡೋತಿಯಿಂದ ಬಂದವರು, ರಾವೂರಿನ ಕಲ್ಲಿನ ಗಣಿಯಲ್ಲಿ ದುಡಿಯುವವರು, ಸಂತೆಗೆಂದು ಬಂದ ಸುತ್ತಲಿನ ಹಳ್ಳಿಯವರು. ಯಾರ ಕೈಯಲ್ಲಾದರೂ ಕಾಗದವಿದ್ದರೆ ಅದು ಮೊದಲು ಅಪ್ಪನ ಕೈಗೆ ಬರಬೇಕು. ಅರ್ಜಿ ಬರೆಯಬೇಕಾದರೆ ಅಪ್ಪನೇ ಬರೆಯಬೇಕು. ಇದಕ್ಕಾಗಿ ಅಪ್ಪ ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅವನು ಕಾಗದ ಬಿಡಿಸಿದ ಕೂಡಲೇ ಎಲ್ಲರೂ ಮಾತು ನಿಲ್ಲಿಸಿ ಅವನ ಮುಖವನ್ನೇ ನೋಡುತ್ತಿದ್ದರಲ್ಲ, ಆ ಗಳಿಗೆ ಅಪ್ಪನಿಗೆ ಬಹಳ ಇಷ್ಟವೆಂಬುದು ಚಿಕ್ಕವಳಾದ ನನಗೂ ಗೊತ್ತಿತ್ತು.

ಅಪ್ಪನ ಓದೆಲ್ಲ ಉರ್ದುವಿನಲ್ಲಿ. ನಿಜಾಮನ ಕಾಲದಲ್ಲಿ ಶಾಲೆಯೂ ಅದೇ, ಕಚೇರಿಯೂ ಅದೇ. ಮನೆಯಲ್ಲಿ ಆಡುವುದು ಕನ್ನಡ, ದೇವರ ಮುಂದೆ ಹೇಳುವುದು ವಚನ, ಆದರೆ ಕೈಗೆ ಲೇಖನಿ ಬಂದರೆ ಅದು ಬಲದಿಂದ ಎಡಕ್ಕೆ ಹರಿಯುತ್ತಿತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದ ವಚನಗಳನ್ನೆಲ್ಲ ಅಪ್ಪ ಒಂದು ದಪ್ಪ ವಹಿಯಲ್ಲಿ ಬರೆದಿಟ್ಟಿದ್ದ. ಮಾತು ಕನ್ನಡ, ಲಿಪಿ ಉರ್ದು. ದೇವರ ಕೋಣೆಯ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲೇ ಆ ವಹಿ ಇರುತ್ತಿತ್ತು. ಅದರಲ್ಲಿ ಯಾರಿಗೂ ಸೋಜಿಗವೆನಿಸುತ್ತಿರಲಿಲ್ಲ. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಓದಿದವರ ಪಾಡು ಹಾಗೆಯೇ ಇತ್ತು.

ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಗದಗಳ ಮುಖ ಬದಲಾಗತೊಡಗಿತು. ಒಂದೇ ದಿನಕ್ಕಲ್ಲ. ಮೊದಲು ಶಾಲೆಯ ಹಲಗೆ ಕನ್ನಡವಾಯಿತು, ಆಮೇಲೆ ಕಚೇರಿಗೆ ಬರುವ ಹುಕುಮುಗಳು ಒಂದೊಂದಾಗಿ ಕನ್ನಡವಾದವು. ನಾನು ಸೇರಿದ್ದು ಕನ್ನಡ ಶಾಲೆಗೆ. ಹೆಣ್ಣುಹುಡುಗಿಗೆ ನಾಲ್ಕನೆಯ ಇಯತ್ತೆ ಸಾಕು ಎಂದು ಆಯಿ ಮೊದಲೇ ತೀರ್ಮಾನಿಸಿದ್ದಳು, ಅಪ್ಪನೂ ಹೂಂ ಅಂದಿದ್ದ. ನಾನು ಆ ನಾಲ್ಕನೆಯ ಇಯತ್ತೆಯಲ್ಲಿದ್ದಾಗಲೇ ಒಂದು ಸಂಜೆ ಅಪ್ಪ ಕಚೇರಿಯಿಂದ ಬಂದು, ಅಂಗಿಯನ್ನು ಗೂಟಕ್ಕೆ ಹಾಕಿ, ನೀರೂ ಕೇಳದೆ ಕುಳಿತುಬಿಟ್ಟ. ಅವನ ಹಿಂದೆಯೇ ಬಂದ ಮಹಬೂಬ್ ಚಾಚಾ ಸುದ್ದಿ ಹೇಳಿದರು. ಚಾಚಾ ಅದೇ ಕಚೇರಿಯವರು, ಎರಡು ಮನೆ ಆಚೆ ಇರುವವರು, ಅಪ್ಪನ ಜೊತೆಗೇ ಶಾಲೆ ಕಲಿತವರು.

"ಭಾಬಿ, ನಮ್ಮಿಬ್ಬರಿಗೂ ಪರೀಕ್ಷಾ ಬಂದದ. ಕನ್ನಡ ಪರೀಕ್ಷಾ. ಪಾಸಾಗ್ಲಿಲ್ಲಂದ್ರ ಬಡ್ತಿ ಇಲ್ಲ, ಮುಂದ ನೌಕರಿನೂ ಇರ್ತದೋ ಇಲ್ಲೋ."

ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ಕನ್ನಡ ನಮಗ ಬರ್ತದಲ್ಲ" ಅಂದಳು.

"ಮಾತಾಡ್ಲಿಕ್ಕ ಬರ್ತದ," ಎಂದ ಅಪ್ಪ. ಅಷ್ಟೇ ಅಂದ.

ಅದಾಗಿ ಹದಿನೈದು ದಿನವೂ ಕಳೆದಿರಲಿಲ್ಲ, ಸಂತೆಯ ದಿನ ಬೆಳಿಗ್ಗೆ ನಾಗಮ್ಮ ಬಂದಳು. ರಾವೂರಿನವಳು. ಗಂಡ ಸತ್ತ ಮೇಲೆ ಗಣಿಯಲ್ಲಿ ಕಲ್ಲು ಹೊತ್ತು ಒಬ್ಬಳೇ ಮಗಳನ್ನು ಬೆಳೆಸಿ, ಬಿಜಾಪುರದ ಕಡೆ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದಳು. ಮಗಳು ಚಂದಮ್ಮ ಬಸುರಿಯೆಂದು ಅವಳು ಕೆಲವು ತಿಂಗಳ ಹಿಂದೆ ಸಂತೆಗೆ ಬಂದಾಗ ನಮ್ಮ ಅವ್ವನಿಗೆ ಹೇಳಿ ಕೊಬ್ಬರಿ ಬೆಲ್ಲ ಕೊಟ್ಟು ಹೋಗಿದ್ದಳು. ಈಗ ಸೆರಗಿನ ಗಂಟಿನಿಂದ ಒಂದು ಕಾರ್ಡು ತೆಗೆದು ಅಪ್ಪನ ಕೈಗಿಟ್ಟಳು. ನಾನು ಅಪ್ಪನಿಗೆ ಚಹಾ ತಂದವಳು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಬಿಜಾಪುರದ ಕಡೆಯವರು ಮೊದಲಿನಿಂದ ಕನ್ನಡ ಕಲಿತವರಲ್ಲವೇ, ಕಾರ್ಡು ಪೂರ್ತಿ ಕನ್ನಡದಲ್ಲಿತ್ತು. ಅಪ್ಪ ಅದನ್ನು ದೂರ ಹಿಡಿದ, ಹತ್ತಿರ ಹಿಡಿದ. ಕಟ್ಟೆಯ ಮೇಲೆ ಏಳೆಂಟು ಜನ ಇದ್ದರು. ಎಲ್ಲರೂ ಎಂದಿನಂತೆ ಅವನ ಮುಖ ನೋಡುತ್ತಿದ್ದರು.

"ಏನು ಬರದಾರ್ರಿ, ಸಾಹೇಬ್ರ?" ಎಂದಳು ನಾಗಮ್ಮ.

"ಎಲ್ಲಾರೂ ಆರಾಮ ಅದಾರ. ನಿನಗ ಶರಣು ಹೇಳ್ಯಾರ."

"ಹೆರಿಗಿದು ಏನಾರ ಬರದಾರೇನ್ರಿ?"

ಅಪ್ಪ ಇನ್ನೊಮ್ಮೆ ಕಾರ್ಡು ನೋಡಿದ. "ಇನ್ನೂ ದಿನ ಅದ ಅಂತ," ಎಂದು ಅದನ್ನು ಮೊಣಕಾಲಿನ ಮೇಲಿಟ್ಟ.

ನನಗೆ ಅಪ್ಪನನ್ನು ತಪ್ಪು ಹಿಡಿಯುವ ಯೋಚನೆಯೇ ಇರಲಿಲ್ಲ. ಅಕ್ಷರ ಕಂಡಲ್ಲೆಲ್ಲ ಗಟ್ಟಿಯಾಗಿ ಓದುವ ಚಟ ನನ್ನದು. ಬೆಂಕಿಪೆಟ್ಟಿಗೆ ಬಿಡುತ್ತಿರಲಿಲ್ಲ, ಸಾಬೂನಿನ ಕಾಗದ ಬಿಡುತ್ತಿರಲಿಲ್ಲ. ಮೊಣಕಾಲಿನ ಮೇಲಿದ್ದ ಕಾರ್ಡನ್ನು ನಿಂತಲ್ಲಿಂದಲೇ ಶಾಲೆಯಲ್ಲಿ ಪಾಠ ಓದುವ ರಾಗದಲ್ಲಿ ಓದಿಬಿಟ್ಟೆ.

"ಚಂದಮ್ಮನಿಗೆ ಹೆಣ್ಣು ಮಗು ಹುಟ್ಟಿದೆ. ಬಾಣಂತಿಗೆ ಜ್ವರ ಬಂದು ನೆಲ ಹಿಡಿದಿದ್ದಾಳೆ. ಅವ್ವಾ ಅವ್ವಾ ಎಂದು ಕನವರಿಸುತ್ತಾಳೆ. ಪತ್ರ ಕಂಡ ಕೂಡಲೇ ಹೊರಟು ಬರಬೇಕು."

ಓದಿ ತಲೆಯೆತ್ತಿದಾಗ ನಾನು ಏನು ಮಾಡಿದೆನೆಂದು ತಿಳಿಯಿತು. ನಾಗಮ್ಮ ಒಮ್ಮೆ ಅಪ್ಪನ ಮುಖ, ಒಮ್ಮೆ ನನ್ನ ಮುಖ ನೋಡಿದಳು. ಯಾರನ್ನು ನಂಬಬೇಕೆಂದು ಅವಳಿಗೆ ತೋಚಲಿಲ್ಲ. ಆಮೇಲೆ ಅಪ್ಪನನ್ನೇ ಕೇಳಿದಳು, "ಖರೇ ಏನ್ರಿ, ಸಾಹೇಬ್ರ?"

ಅಪ್ಪನ ಕಿವಿಗಳು ಕೆಂಪಗಾಗಿದ್ದವು. ಇಲ್ಲ, ಹುಡುಗಿಗೆ ತಿಳಿಯದು ಎಂದು ಅವನು ಹೇಳಬಹುದಿತ್ತು. ಅಲ್ಲಿದ್ದವರಲ್ಲಿ ಬೇರೆ ಯಾರಿಗೂ ಓದಲು ಬರುತ್ತಿರಲಿಲ್ಲ, ಅವನ ಮಾತೇ ನಿಲ್ಲುತ್ತಿತ್ತು. ಅವನು ಎದ್ದು ನಿಂತ.

"ಖರೇ ಅದ. ನಡಿಯವ್ವಾ ನಾಗಮ್ಮ, ರೈಲಿನ ಹೊತ್ತಾಯ್ತು. ನಾ ಬರ್ತೀನಿ ನಿನ್ನ ಸಂಗಾಟ."

ಒಳಗೆ ಹೋಗಿ ಅಂಗಿ ತೊಟ್ಟು, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು, ಕಚೇರಿಗೆ ಹೇಳಲು ಚಾಚಾನ ಮನೆಗೆ ಒಂದು ಮಾತು ತಿಳಿಸಿ ಹೊರಟೇಬಿಟ್ಟ. ವಾಡಿಯಲ್ಲಿ ಗಾಡಿ ಬದಲಿಸಬೇಕು, ಹೊಟಗಿಯಲ್ಲಿ ಸಣ್ಣ ರೈಲು ಹಿಡಿಯಬೇಕು. ರಾವೂರು ಚಿತ್ತಾಪುರ ಬಿಟ್ಟರೆ ಬೇರೆ ಊರು ಕಾಣದ ನಾಗಮ್ಮ ಒಬ್ಬಳೇ ಹೋಗುವ ದಾರಿಯಲ್ಲ ಅದು. ಹೋಗುವಾಗ ಅಪ್ಪ ನನ್ನ ಕಡೆ ನೋಡಲಿಲ್ಲ.

ಅವನು ಬರಲು ನಾಲ್ಕು ದಿನವಾಯಿತು. ಆ ನಾಲ್ಕು ದಿನ ನಮ್ಮ ಮನೆಯಲ್ಲಿ ಆಯಿಯದೇ ಮಾತು. ಹತ್ತು ಮಂದಿಯ ನಡುವೆ ಹೆತ್ತ ತಂದೆಯ ಮುಖಕ್ಕೆ ಮಸಿ ಬಳಿದವಳು ಎಂದಳು. ಶಾಲೆಗೆ ಹೋಗಿ ಕಲಿತದ್ದು ಇದೇ ಏನು ಎಂದಳು. ನಾನು ಬರೆಯುವ ಕಲ್ಲಿನ ಸ್ಲೇಟು, ನನ್ನ ಪಾಟಿಯನ್ನು ಕಸಿದು ಅಟ್ಟದ ಮೇಲೆ ಜೋಳದ ಚೀಲಗಳ ಹಿಂದೆ ಎಸೆದಳು. ನಾನು ಶಾಲೆಗೆ ಹೋಗಲಿಲ್ಲ. ಅವ್ವನ ಪಕ್ಕ ಕುಳಿತು ಪುಂಡಿಪಲ್ಯ ಸೋಸುತ್ತ, ಅಪ್ಪ ಬಂದರೆ ಹೊಡೆಯುತ್ತಾನೋ ಮಾತೇ ಬಿಡುತ್ತಾನೋ ಎಂದು ಲೆಕ್ಕ ಹಾಕುತ್ತಿದ್ದೆ. ಹೊಡೆದರೇ ಒಳ್ಳೆಯದು ಅನಿಸುತ್ತಿತ್ತು. ಅವ್ವ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಮ್ಮೆ ಮಾತ್ರ, ಆಯಿ ಹಿತ್ತಲಿಗೆ ಹೋದಾಗ, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ನನ್ನ ತಾಟಿಗೆ ಹಾಕಿದಳು. ನಮ್ಮ ಮನೆಯಲ್ಲಿ ಬೆಣ್ಣೆ ಗಂಡಸರ ತಾಟಿಗೆ ಬೀಳುವ ಪದಾರ್ಥ.

ಐದನೆಯ ದಿನ ಮಧ್ಯಾಹ್ನ ಅಪ್ಪ ಬಂದ. ಗಡ್ಡ ಬೆಳೆದಿತ್ತು, ಧೋತರಕ್ಕೆ ರೈಲಿನ ಮಸಿ ಹತ್ತಿತ್ತು. ಕೈಕಾಲು ತೊಳೆದು ಪಡಸಾಲೆಯಲ್ಲಿ ಕುಳಿತು ಅವ್ವನಿಗೆ ಹೇಳಿದ. ಅವರು ಮುಟ್ಟುವ ಹೊತ್ತಿಗೆ ಚಂದಮ್ಮನಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲವಂತೆ. ಅಪ್ಪನೇ ಬಂಡಿ ಹೂಡಿಸಿ ಬಿಜಾಪುರದ ದವಾಖಾನೆಗೆ ಕರೆದೊಯ್ದನಂತೆ. ಈಗ ಜ್ವರ ಇಳಿದಿದೆ, ಮಗು ಹಾಲು ಕುಡಿಯುತ್ತಿದೆ.

"ಇನ್ನೊಂದು ದಿನ ತಡ ಆಗಿದ್ರ ಕೈ ಮೀರ್ತಿತ್ತು ಅಂದ್ರು ಡಾಕ್ಟರ್ರು," ಎಂದ ಅಪ್ಪ.

ಆಯಿ ಬಿಡಲಿಲ್ಲ. "ಅದು ಇರ್ಲಿ. ಈ ಹುಡಗೀಗಿ ಸಾಲಿ ಬಿಡಸು. ಇವತ್ತ ನಿನ್ನ ಮಾತು ತಗದಾಳ, ನಾಳಿ ಗಂಡನ ಮಾತು ತಗೀತಾಳ."

ಆಗ ಅವ್ವ ಅಡಿಗೆಮನೆಯಿಂದ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಅತ್ತೆಯ ಮುಂದೆ ಅವಳು ಗಂಡನೊಡನೆ ನೇರ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಬಿಡಸ್ರಿ. ನಾಳಿಂದ ನನ್ನ ಸಂಗಾಟ ರೊಟ್ಟಿ ಬಡೀಲಿ. ಆದ್ರ ನಿಮಗ ಪರೀಕ್ಷಾಕ್ಕ ಯಾರು ಕಲಸ್ತಾರ, ಅದೊಂದು ಹೇಳ್ರಿ. ಅತ್ತಿಯವರು ಕಲಸ್ತಾರೇನು? ನಾ ಕಲಸ್ಲೇನು? ಈ ಮನ್ಯಾಗ ಕನ್ನಡ ಓದ್ಲಿಕ್ಕ ಬರೂದು ಒಬ್ಬಾಕಿಗೇ."

ಅಪ್ಪ ನನ್ನ ಕಡೆ ತಿರುಗಿ ಪಾಟಿ ಎಲ್ಲಿ ಎಂದು ಕೇಳಿದ, ನಾನು ಅಟ್ಟದ ಕಡೆ ಕೈ ತೋರಿಸಿದೆ. ಆಮೇಲೆ ಎದ್ದು ಏಣಿ ಹಾಕಿ ಅಟ್ಟ ಹತ್ತಿದ. ಜೋಳದ ಚೀಲ ಸರಿಸುವ ಸದ್ದು ಕೇಳಿಸಿತು. ಕೆಳಗಿಳಿದು ಬಂದವನು ಪಾಟಿಯ ಧೂಳನ್ನು ತನ್ನ ಧೋತರದಲ್ಲೇ ಒರೆಸಿದ. ಅದರ ಒಂದು ಮೂಲೆ ಸೀಳಿತ್ತು.

"ಅವತ್ತ ನೀ ಓದಿದ್ದು ಛಲೋ ಆಯ್ತವ್ವ," ಎಂದ ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತ. "ನನಗ ಬರಂಗಿಲ್ಲ ಅನ್ನೂ ಒಂದು ಮಾತು ಬಾಯಾಗ ಬರ್ಲಿಲ್ಲ ನೋಡು. ಅದೊಂದು ಮಾತಿಗಿ ಒಂದು ಜೀವ ಹೋಗ್ತಿತ್ತು. ಹೂಂ, ಬರಿ. ಮೊದಲ್ನೇ ಅಕ್ಷರ ಬರಿ."

ಹೀಗೆ ನಮ್ಮ ಪಡಸಾಲೆಯಲ್ಲಿ ಶಾಲೆ ಶುರುವಾಯಿತು. ಮರುದಿನದಿಂದ ಮಹಬೂಬ್ ಚಾಚಾ ಕೂಡ ಬರತೊಡಗಿದರು. ದಿನವೂ ಸಂಜೆ ದೀಪ ಹಚ್ಚುವ ಮೊದಲು ಒಂದು ತಾಸು. ಎರಡು ದೊಡ್ಡ ಗಂಡಸರು ನನ್ನೆದುರು, ನನ್ನ ಕೈಯಲ್ಲಿ ಮಾಸ್ತರರ ಬೆತ್ತದ ಬದಲು ಅವ್ವ ಕೊಟ್ಟ, ಹೋಳಿಗೆ ಲಟ್ಟಿಸುವ ಹಳೆಯ ಲತ್ತುಗುಣಿ. ಅದನ್ನು ನಾನು ಒಮ್ಮೆಯೂ ಎತ್ತಲಿಲ್ಲ, ಆದರೆ ಅದು ಕೈಯಲ್ಲಿರಬೇಕೆಂದು ಚಾಚಾ ಹಠ ಮಾಡಿದ್ದರು. ಅಪ್ಪನ ಕೈ ಪದೇ ಪದೇ ಬಲದಿಂದ ಶುರುವಾಗುತ್ತಿತ್ತು. ಪಾಟಿಯ ಎಡ ಅಂಚಿಗೆ ಸುಣ್ಣದ ಬೊಟ್ಟಿಟ್ಟು, ಇಲ್ಲಿಂದ ಹೊರಡು ಎಂದು ಹೇಳಿಕೊಟ್ಟೆ. ಒತ್ತಕ್ಷರಗಳು ಅವನನ್ನು ಬಹಳ ಕಾಡಿದವು. ಆದರೆ ಳ ಮತ್ತು ಣ ಕಲಿತ ಸಂಜೆಯನ್ನು ನಾನು ಮರೆಯಲಾರೆ. ಉರ್ದುವಿನಲ್ಲಿ ಈ ಎರಡಕ್ಕೂ ಅಕ್ಷರವಿಲ್ಲ. ಅಷ್ಟು ವರ್ಷ ಅಪ್ಪ ಬಾಯಲ್ಲಿ ಮಳಿ ಅಂದು ಕೈಯಲ್ಲಿ ಮಲಿ ಎಂದು ಬರೆದವನು. ನಾನು ಮಳಿ ಎಂದು ಬರೆದು ತೋರಿಸಿದಾಗ ಅದನ್ನು ಬೆರಳಿನಿಂದ ತಿದ್ದಿದ, ಮತ್ತೆ ತಿದ್ದಿದ. ಬ್ಯಾಳಿ, ಹೋಳಿಗಿ, ಕಣ್ಣು, ಹೆಣ್ಣು, ತಣ್ಣೀರು ಎಂದು ತನಗೆ ತಾನೇ ಹುಡುಕಿ ಹುಡುಕಿ ಬರೆದ. ಅಡಿಗೆಮನೆಯ ಬಾಗಿಲಲ್ಲಿ ನಿಂತ ಅವ್ವನನ್ನು ಕರೆದು, "ಇಲ್ಲಿ ನೋಡು, ನಾವು ಅನ್ನೂದೆಲ್ಲಾ ಇದರಾಗ ಬರ್ತದ," ಎಂದ. ಓದಲು ಬಾರದ ಅವ್ವ ಬಗ್ಗಿ ನೋಡಿ, "ದುಂಡಗ ಛಲೋ ಕಾಣ್ತದ," ಎಂದಳು.

ಮರುವರ್ಷ ಇಬ್ಬರೂ ಗುಲಬರ್ಗಾಕ್ಕೆ ಹೋಗಿ ಪರೀಕ್ಷೆ ಬರೆದು ಬಂದರು. ಮನೆಯಲ್ಲಿ ಉರ್ದು, ದಖನಿ ಮಾತಾಡುವ ಮಹಬೂಬ್ ಚಾಚಾ ಪಾಸಾದರು. ಕನ್ನಡವೇ ಮನೆಮಾತಾದ ಅಪ್ಪ ನಪಾಸಾದ. ಕಾರಣ ಕೇಳಿದರೆ ನಗು ಬರುತ್ತದೆ. ಸಂತೆಯ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದರಂತೆ. ಅಪ್ಪನಿಗೆ ಸಂತೆ ಗೊತ್ತಿಲ್ಲವೇ? ಮಂದಿ ಭಾಳ ಬಂದಿರ್ತಾರ, ಬದನಿಕಾಯಿ ಮಾರ್ಲಿಕತ್ತಿರ್ತಾರ ಎಂದು ಎರಡು ಪುಟ ಬರೆದಿದ್ದ, ಒಂದಕ್ಷರ ತಪ್ಪಿಲ್ಲದೆ.

"ಅರೆ ಭಾಯಿ, ನಿನಗ ಕನ್ನಡ ಬರ್ತದ, ಅದಕ್ಕೇ ಫೇಲಾದಿ," ಎಂದರು ಚಾಚಾ. "ನನಗ ಬರಂಗಿಲ್ಲ, ಅದಕ್ಕೇ ಪುಸ್ತಕದಾಗ ಇದ್ದಂಗ ಬರದೆ."

ನಗುವುದಕ್ಕೆ ಆಗ ನನಗೆ ಸಾಧ್ಯವಿರಲಿಲ್ಲ. ಆಡುವುದು ಬೇರೆ, ಬರೆಯುವುದು ಬೇರೆ ಎಂದು ಅಪ್ಪನಿಗೆ ನಾನು ಹೇಳಿಕೊಟ್ಟಿರಲಿಲ್ಲ. ಅದು ಹೇಳಿಕೊಡಬೇಕಾದ ಸಂಗತಿ ಎಂದೇ ನನಗೆ ಹೊಳೆದಿರಲಿಲ್ಲ. ಮುಂದೆ ಚಿಂಚೋಳಿ ಕಡೆ, ಚಂದ್ರಂಪಳ್ಳಿಯ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಶಿಕ್ಷಕಿಯಾಗಿದ್ದಾಗ, ಮಕ್ಕಳು ಮಾಡ್ಲಿಕತ್ತಾರ ಎಂದು ಬರೆದರೆ ಕೆಂಪು ಗೀಟು ಎಳೆಯುತ್ತಿರಲಿಲ್ಲ. ಇದು ನಿಮ್ಮ ಮನೆಯ ಮಾತು, ಇದು ಇರಲಿ, ಪುಸ್ತಕದ ಮಾತು ಹೀಗಿರುತ್ತದೆ, ಇದೂ ಬರಲಿ ಎಂದು ಪಕ್ಕದಲ್ಲಿ ಬರೆಯುತ್ತಿದ್ದೆ. ತನಿಖೆಗೆ ಬಂದವರು ಒಮ್ಮೆ ಆಕ್ಷೇಪಿಸಿದರು. ನಾನು ಬದಲಿಸಲಿಲ್ಲ.

ಆದರೆ ಅಪ್ಪ ನಪಾಸಾದ ಸುದ್ದಿ ಬಂದ ಆ ದಿನ ನಾನು ಹಿತ್ತಲಲ್ಲಿ ಎಮ್ಮೆಯ ಹಿಂದೆ ನಿಂತು ಅತ್ತೆ. ಅಪ್ಪ ಹುಡುಕಿಕೊಂಡು ಬಂದು, "ಮಾಸ್ತರು ಅಳಬಾರ್ದು," ಎಂದು ಕೈ ಹಿಡಿದು ಕರೆದೊಯ್ದ. ಕರೆದೊಯ್ದದ್ದು ಒಳಗಲ್ಲ, ಕಟ್ಟೆಗೆ. ಅಲ್ಲಿ ಎಂದಿನಂತೆ ಜನ ಇದ್ದರು. ಪರೀಕ್ಷೆಯ ಸುದ್ದಿ ಅವರಿಗೆ ಮುಟ್ಟಿತ್ತೋ ಇಲ್ಲವೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಪ್ಪನೇ ಹೇಳಿದ.

"ನಾ ನಪಾಸಾಗೀನ್ರಿ. ಮಹಬೂಬ ಪಾಸಾಗ್ಯಾನ. ಕನ್ನಡ ಕಾಗದ ಇದ್ರ ಇವತ್ತಿಗಿ ಅವನ ಕಡೆ ಒಯ್ರಿ, ಇಲ್ಲಾ ನನ್ನ ಮಗಳ ಕಡೆ ಕೊಡ್ರಿ. ಮುಂದಿನ ವರ್ಷಕ್ಕ ನಾನೂ ಓದ್ತೀನಿ."

ಒಬ್ಬ ಮುದುಕ ಮೆಲ್ಲಗೆ ತನ್ನ ಕಾಗದವನ್ನು ನನ್ನ ಕಡೆ ಚಾಚಿದ. ಅಪ್ಪ ಸರಿದು ನನಗೆ ಜಾಗ ಮಾಡಿಕೊಟ್ಟ. ನನ್ನ ಅಪ್ಪನ ಬಗ್ಗೆ ಹೆಮ್ಮೆ ಎಂಬುದು ನನ್ನಲ್ಲಿ ಹುಟ್ಟಿದ್ದು ಅವನು ಓದುವುದನ್ನು ನೋಡಿ ಅಲ್ಲ, ಆ ಬೆಳಿಗ್ಗೆ ಅವನು ಹಾಗೆ ಸರಿದು ಕುಳಿತದ್ದನ್ನು ನೋಡಿ. ಓದು ಬಂದವನ ಸುತ್ತ ಓದು ಬಾರದವರು ಕೈಮುಗಿದು ನಿಲ್ಲುವುದು ವಿದ್ಯೆಯ ದೊಡ್ಡಸ್ತಿಕೆ ಎಂದು ನಾನೂ ಅಲ್ಲಿಯತನಕ ನಂಬಿದ್ದೆ. ಅದು ಬರೀ ಒಬ್ಬನ ದೊಡ್ಡಸ್ತಿಕೆ. ಪ್ರತಿಯೊಬ್ಬರೂ ತಮ್ಮ ಕಾಗದ ತಾವೇ ಓದಿಕೊಂಡರೆ ನಮ್ಮ ಕಟ್ಟೆ ಬರಿದಾಗುತ್ತದೆ, ಆಗಲಿ. ನಾಗಮ್ಮನ ಕೈಯಲ್ಲೇ ನಾಲ್ಕು ಅಕ್ಷರ ಇದ್ದಿದ್ದರೆ ಅವಳು ರಾವೂರಿನಿಂದಲೇ ನೇರ ರೈಲಿಗೆ ಓಡುತ್ತಿದ್ದಳು.

ಎರಡನೆಯ ಸಲ ಅಪ್ಪ ಪಾಸಾದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೊಸ ವಹಿ ಹೊಲಿಸಿ, ಆಯಿಯ ವಚನಗಳನ್ನೆಲ್ಲ ಕನ್ನಡದಲ್ಲಿ ಮತ್ತೆ ಬರೆಯಲು ಕುಳಿತ. ಅನುಮಾನ ಬಂದಲ್ಲೆಲ್ಲ ಆಯಿಯನ್ನು ಕೂಗಿ ಕೇಳುತ್ತಿದ್ದ. ಅವಳು ಮೊದಮೊದಲು ಗೊಣಗಿದಳು. ಆಮೇಲೆ ತಾನೇ ಪಕ್ಕಕ್ಕೆ ಬಂದು ಕೂರತೊಡಗಿದಳು. ಒಂದು ದಿನ ಅವನು ಬರೆದದ್ದನ್ನು ನಾನು ಓದಿದೆ. ಆಯಿ ನಡುವೆ ಬಾಯಿ ಹಾಕಿ, "ತಡಿ, ತಡಿ, ಅಲ್ಲಿ ಒಂದು ಮಾತು ಬಿಟ್ಟೀ," ಎಂದಳು. ನಾನು ಬಿಟ್ಟಿರಲಿಲ್ಲ, ಅಪ್ಪ ಬಿಟ್ಟಿದ್ದ. ಅದನ್ನು ಸೇರಿಸಿದ ಮೇಲೆ ಆಯಿ ಆ ಸಾಲಿನ ಮೇಲೆ ಅಂಗೈ ಇಟ್ಟುಕೊಂಡು, "ನಾ ಅಂದಿದ್ದು ಇಲ್ಲಿ ಅದ ಏನು?" ಎಂದು ಕೇಳಿದಳು. ಅದೇ ವರ್ಷ, ನಾಲ್ಕಕ್ಕೆ ನಿಲ್ಲದೆ ಓದುತ್ತ ಬಂದ ನಾನು ಆರನೆಯ ಇಯತ್ತೆಯ ಹೊಸ ಪುಸ್ತಕಕ್ಕೆ ರಟ್ಟು ಹಾಕುವಾಗ, ಸಾಲಿ ಬಿಡಸು ಎಂದವಳೇ ತನ್ನ ಹಳೆಯ ಇಳಕಲ್ಲ ಸೀರೆಯ ತುಂಡು ಹರಿದು ಪುಸ್ತಕ ಕಟ್ಟಿಕೊಳ್ಳಲು ಕೊಟ್ಟಳು. ಶಾಲೆಯ ಬಗ್ಗೆ ಮತ್ತೆ ಮಾತಾಡಲಿಲ್ಲ.

ಏಳನೆಯ ಇಯತ್ತೆ ಮುಗಿದ ಮೇಲೆ ಹೈಸ್ಕೂಲು. ಹುಡುಗಿಯರು ಅಲ್ಲಿಗೆ ಹೋಗುವ ವಾಡಿಕೆ ಇನ್ನೂ ಬೆಳೆದಿರಲಿಲ್ಲ. ಆ ವರ್ಷ ಹೆಸರು ಹಚ್ಚಲು ಹೋದವರು ನಾವು ಮೂವರೇ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಜೊತೆ ಬಂದ. ಹೆಡ್‌ಮಾಸ್ತರರು ಹೊಸಬರು, ಧಾರವಾಡದ ಕಡೆಯವರು, ನಮ್ಮ ಊರಿನ ಹಳೆಯ ಕತೆಗಳು ಅವರಿಗೆ ಗೊತ್ತಿರಲಿಲ್ಲ. ಅರ್ಜಿಯ ಹಾಳೆಯನ್ನು ಅಪ್ಪನ ಮುಂದಿಟ್ಟರು. ಅಪ್ಪ ಲೇಖನಿ ತೆಗೆದು ನಿಧಾನವಾಗಿ, ಒಂದೊಂದು ಕೊಂಬು ಒಂದೊಂದು ಒತ್ತು ನೋಡಿಕೊಳ್ಳುತ್ತ ಅದನ್ನು ತುಂಬಿದ. ಅವರು ಹಾಳೆಯನ್ನು ಕೈಗೆತ್ತಿಕೊಂಡು ಹುಬ್ಬೇರಿಸಿದರು.

"ಅಕ್ಷರ ಭಾಳ ಚಂದ ಅವ ನಿಮ್ಮವು. ಈ ಕಡೆ ನಿಮ್ಮ ವಯಸ್ಸಿನವರು ಎಲ್ಲಾ ಉರ್ದು ಕಲಿತವರು ಅಂತ ಕೇಳೇನಿ. ನೀವು ಯಾವ ಸಾಲ್ಯಾಗ ಕಲಿತ್ರಿ?"

"ಸಾಲ್ಯಾಗ ಅಲ್ರಿ, ಮನ್ಯಾಗ."

"ಹೌದಾ? ಮಾಸ್ತರು ಯಾರು?"

ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ. "ಇಕೀನೇ ರೀ."

ಹೆಡ್‌ಮಾಸ್ತರರು ಜೋರಾಗಿ ನಕ್ಕರು. ಅಪ್ಪ ನಗಲಿಲ್ಲ. ಹೆಗಲ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಅವರು ನಗುತ್ತ ನಗುತ್ತ ಅಪ್ಪನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ನಗು ನಿಂತಿತು. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ದಾಖಲೆಯ ಪುಸ್ತಕವನ್ನು ಎಳೆದುಕೊಂಡು, ಅಲ್ಲಿಯತನಕ ಅಪ್ಪನನ್ನು ಕೇಳುತ್ತಿದ್ದವರು ಮೊದಲ ಬಾರಿಗೆ ನೇರವಾಗಿ ನನ್ನನ್ನೇ ಕೇಳಿದರು, "ಹೆಸರು ಹೇಳವ್ವಾ, ಏನಂತ ಬರ್ಕೊಳ್ಲಿ?"